ದೇವರಾಯನದುರ್ಗ ಇಳಿಯುವಾಗ ಮುಂದಿನ ಬ್ರೇಕ್ ಹಿಡಿಯಲೇ ಇಲ್ಲ. ಪ್ಯಾಡ್ ಹೊಸದು ಹಾಕಿಸಿದರೂ ಅದೇ ಕಥೆ. ಯಾಕೆ?

ಕ್ಯಾತ್ಸಂದ್ರ ಸವಾರ

ಎಲ್ಲರಿಗೂ ನಮಸ್ಕಾರ. ಹತ್ತು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ನನ್ನದು 150 ಸಿಸಿ ಬೈಕ್. ಎಂಟು ವರ್ಷ ಆಯಿತು, 68 ಸಾವಿರ ಕಿ.ಮೀ. ಓಡಿದೆ. ಕಾರ್ಬುರೇಟರ್ ಗಾಡಿ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ದಿನಾ ವಸಂತನರಸಾಪುರಕ್ಕೆ ಡ್ಯೂಟಿಗೆ ಹೋಗಿ ಬರುವುದು ಇದರಲ್ಲೇ. ಹೈವೇಯಲ್ಲಿ ಒಂದು ದಿನವೂ ಕೈ ಕೊಟ್ಟಿಲ್ಲ.

ಹೋದ ವಾರದ ಹಿಂದಿನ ಭಾನುವಾರ ಮನೆಯವರನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋಗಿದ್ದೆ. ನಾಮದ ಚಿಲುಮೆಯಲ್ಲಿ ಸ್ವಲ್ಪ ಹೊತ್ತು ಕೂತು, ಮೇಲೆ ಯೋಗ ನರಸಿಂಹನ ದರ್ಶನ ಮಾಡಿ, ಹನ್ನೊಂದೂವರೆ ಹೊತ್ತಿಗೆ ಇಳಿಯಲು ಶುರು ಮಾಡಿದೆವು. ಅರ್ಧ ಇಳಿದಿರಬೇಕು. ಒಂದು ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಲಿವರ್ ಮೆತ್ತಗೆ ಒಳಗೆ ಹೋಗಿ ಆಕ್ಸಿಲರೇಟರ್ ಹಿಡಿಗೇ ತಾಗಿತು. ಗಾಡಿ ನಿಧಾನವಾಗಲೇ ಇಲ್ಲ. ಎದುರಿಗೆ ಒಂದು ಕಾರು ಹತ್ತಿ ಬರುತ್ತಿತ್ತು. ಹಿಂದಿನ ಬ್ರೇಕ್ ಪೂರ್ತಿ ತುಳಿದು, ಬೆಟ್ಟದ ಕಡೆಯ ಮಣ್ಣಿಗೆ ಇಳಿಸಿ ಹೇಗೋ ನಿಲ್ಲಿಸಿದೆ. ಮನೆಯವರು ಇಳಿದು ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಹತ್ತು ನಿಮಿಷ ಇಬ್ಬರಿಗೂ ಮಾತಿಲ್ಲ.

ಇಪ್ಪತ್ತು ನಿಮಿಷ ಬಿಟ್ಟು ಹಿಡಿದು ನೋಡಿದರೆ ಬ್ರೇಕ್ ಮೊದಲಿನ ಹಾಗೇ ಗಟ್ಟಿ!

ಸೋಮವಾರ ಒಬ್ಬ ಮೆಕ್ಯಾನಿಕ್ ಪ್ಯಾಡ್ ಸವೆದಿದೆ ಅಂತ ಹೊಸದು ಹಾಕಿದರು. ಗುರುವಾರ ಒಬ್ಬನೇ ಹೋಗಿ ಮತ್ತೆ ಇಳಿದು ನೋಡಿದೆ. ಕೆಳಗೆ ಬರುವಷ್ಟರಲ್ಲಿ ಲಿವರ್ ಮತ್ತೆ ಮೆತ್ತಗೆ. ಎರಡನೆಯವರು ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಪೂರ್ತಿ ಬದಲಾಯಿಸಿ ಅಂತಾರೆ. ಮೂರನೆಯವರು ಡಿಸ್ಕ್ ಪ್ಲೇಟ್ ಸೊಟ್ಟ ಆಗಿದೆ ಅಂದರು. ಯಾರ ಮಾತು ಕೇಳಲಿ?

ಶಿರಾ ಗೇಟ್

ಮೊದಲು ಇದನ್ನು ಹೇಳಿ. ಗೇರ್‌ನಲ್ಲಿ ಇಳಿದಿರಾ, ನ್ಯೂಟ್ರಲ್‌ನಲ್ಲಾ?

ಕ್ಯಾತ್ಸಂದ್ರ ಸವಾರ

ನ್ಯೂಟ್ರಲ್. ಇಂಜಿನ್ ಆನ್ ಇತ್ತು. ಅಪ್ಪ ಹೀಗೇ ಇಳಿಸುತ್ತಿದ್ದರು, ಪೆಟ್ರೋಲ್ ಉಳಿಯುತ್ತದೆ ಅಂತ. ಅವರಿಂದ ಕಲಿತದ್ದು.

ಶಿರಾ ಗೇಟ್

ಅಲ್ಲೇ ಅರ್ಧ ಉತ್ತರ ಸಿಕ್ಕಿತು ನೋಡಿ. ಇಬ್ಬರು ಕೂತ ಗಾಡಿಯ ಭಾರ ಎಲ್ಲ ಮುಂದಿನ ಒಂದೇ ಪ್ಲೇಟ್ ಮೇಲೆ. ಇಂಜಿನ್ ಸಹಾಯ ಸೊನ್ನೆ.

ತಿಪಟೂರು ತೆಂಗು

ಪ್ಲೇಟ್ ಬಿಸಿಯಾದರೆ ಬಾಟಲಿಯಲ್ಲಿ ನೀರು ಇಟ್ಟುಕೊಂಡು ಹಾಕಿ. ನಾನು ಚಾರ್ಮಾಡಿ ಇಳಿಯುವಾಗ ಹಾಗೇ ಮಾಡುತ್ತೇನೆ. ತಕ್ಷಣ ತಣ್ಣಗಾಗುತ್ತದೆ.

ಗೌರಿಬಿದನೂರು ಗ್ಯಾರೇಜ್

ತಿಪಟೂರು ಸರ್, ದಯವಿಟ್ಟು ಹಾಗೆ ಮಾಡಬೇಡಿ. ಕಾದ ಹೆಂಚಿನ ಮೇಲೆ ನೀರು ಸುರಿದ ಹಾಗೆ ಅದು. ಪ್ಲೇಟ್ ಒಂದೇ ಕಡೆ ತಣ್ಣಗಾಗಿ ಸೊಟ್ಟ ಆಗುತ್ತದೆ. ಗಾಡಿ ನಿಲ್ಲಿಸಿ, ಅದು ತಾನಾಗಿ ಆರಬೇಕು.

ಈಗ ಕ್ಯಾತ್ಸಂದ್ರದವರಿಗೆ. ಸರ್, 22 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನೀವು ಬರೆದದ್ದರಲ್ಲೇ ಉತ್ತರ ಇದೆ. ಬಿಸಿಯಾದಾಗ ಲಿವರ್ ಮೆತ್ತಗಾಯಿತು, ಆರಿದ ಮೇಲೆ ಗಟ್ಟಿಯಾಯಿತು. ಪ್ಯಾಡ್ ಸವೆದಿದ್ದರೆ ಹೀಗೆ ತಾನಾಗಿ ಸರಿಹೋಗುವುದಿಲ್ಲ. ಮಾಸ್ಟರ್ ಸಿಲಿಂಡರ್ ರಬ್ಬರ್ ಹೋಗಿದ್ದರೆ ಗಾಡಿ ತಣ್ಣಗಿದ್ದಾಗಲೂ ಗೊತ್ತಾಗುತ್ತದೆ. ಲಿವರ್ ಒತ್ತಿ ಹಿಡಿದುಕೊಂಡೇ ಇರಿ, ನಿಧಾನವಾಗಿ ಒಳಗೆ ಇಳಿಯುತ್ತಾ ಹೋಗುತ್ತದೆ. ಪ್ಲೇಟ್ ಸೊಟ್ಟ ಇದ್ದರೆ ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ತಟ್ ತಟ್ ಅಂತ ಹೊಡೆಯುತ್ತದೆ. ನಿಮಗೆ ಇದು ಯಾವುದೂ ಇಲ್ಲ. ನಿಮ್ಮ ಬ್ರೇಕ್ ಆಯಿಲ್ ಕುದಿದಿದೆ.

ಎಂಟು ವರ್ಷದಲ್ಲಿ ಎಷ್ಟು ಸಲ ಬ್ರೇಕ್ ಆಯಿಲ್ ಬದಲಾಯಿಸಿದ್ದೀರಿ?

ಕ್ಯಾತ್ಸಂದ್ರ ಸವಾರ

ಬದಲಾಯಿಸಬೇಕು ಅಂತಲೇ ಗೊತ್ತಿರಲಿಲ್ಲ ಸರ್. ಇಂಜಿನ್ ಆಯಿಲ್ 3 ಸಾವಿರ ಕಿ.ಮೀ.ಗೆ ತಪ್ಪದೆ ಹಾಕಿಸುತ್ತೇನೆ. ಬ್ರೇಕ್ ಆಯಿಲ್ ಕಡಿಮೆ ಆದಾಗ ಮೇಲಿಂದ ಸ್ವಲ್ಪ ತುಂಬಿಸುತ್ತಾರೆ, ಅಷ್ಟೇ.

ಗೌರಿಬಿದನೂರು ಗ್ಯಾರೇಜ್

ನನ್ನ ಗ್ಯಾರೇಜಿಗೆ ಬರುವ ಹತ್ತು ಗಾಡಿಯಲ್ಲಿ ಒಂಬತ್ತರ ಕಥೆ ಇದೇ. ಬೇಜಾರಾಗುವ ವಿಷಯ ಇದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಆಯಿಲ್ ಅಂತ ಕರೆಯುತ್ತೇವೆ, ಆದರೆ ಅದು ಎಣ್ಣೆ ಅಲ್ಲ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಡಬ್ಬಿ ನೀರು ಬಿಡುತ್ತದಲ್ಲ, ಅದೇ ಗುಣ ಇದಕ್ಕೂ ಇದೆ. ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೋಸ್ ಪೈಪ್ ರಬ್ಬರ್ ಮೂಲಕ, ಮುಚ್ಚಳದ ಮೂಲಕ, ಸ್ವಲ್ಪ ಸ್ವಲ್ಪವೇ. ಬ್ರೇಕ್ ಆಯಿಲ್‌ನಲ್ಲಿ ಡಾಟ್ 3, ಡಾಟ್ 4 ಅಂತ ದರ್ಜೆಗಳಿವೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಅದೇ ಆಯಿಲ್‌ಗೆ ಶೇ 3.7ರಷ್ಟು ನೀರು ಸೇರಿದರೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205, ನೀರು ಸೇರಿದ ಮೇಲೆ 140. ಎಂಟು ವರ್ಷದ ಆಯಿಲ್ ಎಲ್ಲಿರುತ್ತದೆ ಅಂತ ನೀವೇ ಯೋಚಿಸಿ.

ಬೆಟ್ಟ ಇಳಿಯುವಾಗ ಲಿವರ್ ಹಿಡಿದೇ ಇದ್ದರೆ ಪ್ಲೇಟ್ ಬಿಸಿ ಪ್ಯಾಡ್‌ಗೆ, ಪ್ಯಾಡ್ ಬಿಸಿ ಕ್ಯಾಲಿಪರ್ (ಪ್ಯಾಡ್ ಹಿಡಿದಿರುವ ಭಾಗ) ಒಳಗಿನ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್‌ಗೆ. ಒಳಗಿನ ನೀರು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಲಿವರ್ ಒತ್ತಿದ್ದೆಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಹೋಯಿತು, ಪ್ಯಾಡ್‌ವರೆಗೆ ತಲುಪಲೇ ಇಲ್ಲ. ಆರಿದ ಮೇಲೆ ಆವಿ ಮತ್ತೆ ದ್ರವ ಆಯಿತು, ಬ್ರೇಕ್ ಬಂತು. ಅದಕ್ಕೇ ಮೆಕ್ಯಾನಿಕ್ ಹತ್ತಿರ ಹೋದಾಗ ಏನೂ ಕಾಣಲಿಲ್ಲ.

ಇನ್ನೊಂದು ಮಾತು. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಹೋಗುತ್ತದೆ, ಮೇಲಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಅಂದರೆ ಮಟ್ಟ ಇಳಿದಿದೆ ಅಂದರೆ ಮೊದಲು ಪ್ಯಾಡ್ ನೋಡಬೇಕು, ಆಮೇಲೆ ಎಲ್ಲಾದರೂ ಸೋರುತ್ತಿದೆಯಾ ಅಂತ. ಸುಮ್ನೆ ಮೇಲಿಂದ ತುಂಬಿಸುವುದು ತಪ್ಪು. ಹೊಸ ಪ್ಯಾಡ್ ಹಾಕಿ ಪಿಸ್ಟನ್ ಒಳಗೆ ತಳ್ಳಿದಾಗ ಆ ಹೆಚ್ಚಿನ ಆಯಿಲ್ ಉಕ್ಕಿ ಟ್ಯಾಂಕ್ ಮೇಲೆ ಬೀಳುತ್ತದೆ. ಬಣ್ಣ ಎದ್ದು ಬರುತ್ತದೆ.

ಕ್ಯಾತ್ಸಂದ್ರ ಸವಾರ

ಪ್ಯಾಡ್ ಹಾಕಿದ ದಿನ ಟ್ಯಾಂಕ್ ಮೇಲೆ ಒಂದು ಕಡೆ ಬಣ್ಣ ಮಬ್ಬಾಗಿದೆ. ಯಾಕೆ ಅಂತ ಈಗ ಗೊತ್ತಾಯಿತು.

ಮುಳಬಾಗಿಲು ಮೈಲೇಜ್

ಗ್ಯಾರೇಜ್ ಅಣ್ಣ ಹೇಳಿದ್ದು ಸರಿ, ಆದರೆ ನ್ಯೂಟ್ರಲ್ ವಿಷಯದಲ್ಲಿ ನನ್ನ ವಾದ ಬೇರೆ. ಆವಣಿ ಕಡೆಯ ಇಳಿಜಾರಿನಲ್ಲಿ ನಾನು ನ್ಯೂಟ್ರಲ್ ಮಾಡುತ್ತೇನೆ. ತಿಂಗಳಿಗೆ ಲೆಕ್ಕ ಹಾಕಿದರೆ ಪೆಟ್ರೋಲ್ ಉಳಿದೇ ಉಳಿಯುತ್ತದೆ. ಪೆಟ್ರೋಲ್ ಬೆಲೆ ನೂರು ದಾಟಿ ಕೂತಿರುವಾಗ ಅದೂ ಮುಖ್ಯ ಅಲ್ವಾ?

ಶಿರಾ ಗೇಟ್

ನಿಮ್ಮದು ಯಾವ ವರ್ಷದ ಗಾಡಿ?

ಮುಳಬಾಗಿಲು ಮೈಲೇಜ್

2021. ಬಿಎಸ್ 6.

ಶಿರಾ ಗೇಟ್

ಹಾಗಾದರೆ ಉಳಿಯುವುದಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಬಂತು, ಆಮೇಲಿನ ಬೈಕ್‌ಗಳು ಹೆಚ್ಚುಕಡಿಮೆ ಎಲ್ಲ ಕಾರ್ಬುರೇಟರ್ ಬದಲು ಇಂಜೆಕ್ಷನ್. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಟರ್ ಸಾಮಾನ್ಯವಾಗಿ ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ಇಂಜಿನ್ ತಿರುಗುವುದು ಚಕ್ರದ ಬಲದಿಂದ. ಅದೇ ನ್ಯೂಟ್ರಲ್ ಮಾಡಿದರೆ ಇಂಜಿನ್ ಆಫ್ ಆಗದಿರಲು ಪೆಟ್ರೋಲ್ ಕೊಡುತ್ತಲೇ ಇರಬೇಕು. ನೀವು ಉಳಿಸುತ್ತಿಲ್ಲ, ಜಾಸ್ತಿ ಸುಡುತ್ತಿದ್ದೀರಿ.

ಹಳೇ ಕಾರ್ಬುರೇಟರ್ ಗಾಡಿಯಲ್ಲೂ ಉಳಿಯುವುದು ಎಷ್ಟು? ಒಂದು ಟೀ ಕಾಸಿಗೆ ಬ್ರೇಕ್ ಪಣ ಇಡಬೇಡಿ.

ಮುಳಬಾಗಿಲು ಮೈಲೇಜ್

ಇದು ಗೊತ್ತಿರಲಿಲ್ಲ. ಒಂದು ಟ್ಯಾಂಕ್ ಗೇರ್‌ನಲ್ಲೇ ಇಳಿಸಿ ನೋಡಿ ಬರೆಯುತ್ತೇನೆ.

ಕೋಲಾರ ಎರಡು ಸ್ಟ್ರೋಕ್

ಗೇರ್‌ನಲ್ಲಿ ಇಳಿಯಿರಿ ಅನ್ನುವುದು ನಾಲ್ಕು ಸ್ಟ್ರೋಕ್‌ನವರಿಗೆ ಸುಲಭ. ನನ್ನ ಹತ್ತಿರ ಅಪ್ಪ ತೆಗೆದುಕೊಂಡ ಆರ್‌ಎಕ್ಸ್ 100 ಇದೆ. ಅದರ ಉತ್ಪಾದನೆ 1996ರಲ್ಲೇ ನಿಂತಿತು, ಆದರೂ ನಮ್ಮ ಮನೆಯಲ್ಲಿ ಇವತ್ತಿಗೂ ಮೊದಲ ಕಿಕ್‌ಗೆ ಸ್ಟಾರ್ಟ್. ಎರಡು ಸ್ಟ್ರೋಕ್‌ನಲ್ಲಿ ಇಂಜಿನ್ ಹಿಡಿತ ತೀರಾ ಕಡಿಮೆ. ಎರಡನೇ ಗೇರ್‌ನಲ್ಲೂ ಜಾರಿಕೊಂಡೇ ಹೋಗುತ್ತದೆ. ಎರಡೂ ಕಡೆ ಡ್ರಮ್.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪೆಟ್ರೋಲ್ ಜೊತೆ ಹೋಗುವ 2ಟಿ ಆಯಿಲ್‌ನಿಂದಲೇ ಪಿಸ್ಟನ್‌ಗೆ ಜಿಡ್ಡು. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರ್‌ನಲ್ಲಿ ಉದ್ದ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತದೆ, ಆಯಿಲ್ ಮಾತ್ರ ಸಾಕಷ್ಟು ಸಿಗುವುದಿಲ್ಲ. ಅದಕ್ಕೇ ಹಳಬರು ಇಳಿಜಾರಿನಲ್ಲಿ ಕ್ಲಚ್ ಹಿಡಿದು ಮಧ್ಯೆ ಮಧ್ಯೆ ಒಂದೊಂದು ಸಲ ರೇಸ್ ಕೊಡುತ್ತಿದ್ದರು. ಶೋಕಿಗೆ ಅಂತ ನಾನು ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಪಿಸ್ಟನ್ ಹಿಡಿದುಕೊಳ್ಳದಿರಲಿ ಅಂತ ಮಾಡುತ್ತಿದ್ದದ್ದು.

ಕೆಜಿಎಫ್ ಐದು ಲೈಟ್ಸ್

ಅಣ್ಣ, ಆ ಗಾಡಿ ಕೊಡುತ್ತೀರಾ?

ಕೋಲಾರ ಎರಡು ಸ್ಟ್ರೋಕ್

ಇಲ್ಲ. ಅಪ್ಪ ಅದರಲ್ಲೇ ನನ್ನನ್ನು ಮುಂದೆ ಟ್ಯಾಂಕ್ ಮೇಲೆ ಕೂರಿಸಿಕೊಂಡು ಅಂತರಗಂಗೆಗೆ ಕರೆದುಕೊಂಡು ಹೋಗುತ್ತಿದ್ದರು. ಎಷ್ಟು ಕೊಟ್ಟರೂ ಇಲ್ಲ.

ಚಿಂತಾಮಣಿ ಟೀಚರ್

ಎಲ್ಲರೂ ಗೇರ್ ಗೇರ್ ಅಂತೀರಿ. ನನ್ನದು ಗೇರ್ ಇಲ್ಲದ ಸ್ಕೂಟರ್, 110 ಸಿಸಿ. ಮಗಳನ್ನು ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗುವ ಆಸೆ ಅವಳಿಗೆ. ಹತ್ತುವುದು ಹತ್ತುತ್ತದೆ. ಇಳಿಯುವುದು ಹೇಗೆ? ಇದನ್ನು ಓದಿದ ಮೇಲೆ ಭಯ ಆಗುತ್ತಿದೆ.

ನಂದಿ ತಪ್ಪಲು

ಮೇಡಂ, ಭಯ ಬೇಡ. ನಮ್ಮ ಮನೆ ಭೋಗನಂದೀಶ್ವರ ದೇವಸ್ಥಾನದ ಹತ್ತಿರ. ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರ, ತಿರುವುಗಳೋ ಒಂದರ ಹಿಂದೆ ಒಂದು. ವಾರಕ್ಕೆ ಎರಡು ಸಲ ಸ್ಕೂಟರ್‌ನಲ್ಲೇ ಹತ್ತಿ ಇಳಿಯುತ್ತೇನೆ.

ಸ್ಕೂಟರ್‌ನ ಕ್ಲಚ್ ಇಂಜಿನ್ ವೇಗ ತೀರಾ ಇಳಿದರೆ ತಾನಾಗಿ ಬಿಟ್ಟುಬಿಡುತ್ತದೆ. ಆಗ ಗಾಡಿ ನ್ಯೂಟ್ರಲ್‌ನಲ್ಲಿದ್ದ ಹಾಗೆ ಉರುಳುತ್ತದೆ, ವೇಗ ಇದ್ದಕ್ಕಿದ್ದಂತೆ ಜಾಸ್ತಿಯಾಗುತ್ತದೆ. ಹಾಗೆ ಅನ್ನಿಸಿದಾಗ ಒಂದು ಚೂರು ಆಕ್ಸಿಲರೇಟರ್ ಕೊಟ್ಟು ಬಿಡಿ. ಕ್ಲಚ್ ಮತ್ತೆ ಹಿಡಿದುಕೊಳ್ಳುತ್ತದೆ, ಹಿಂದಿನಿಂದ ಯಾರೋ ಎಳೆದ ಹಾಗೆ ಗೊತ್ತಾಗುತ್ತದೆ. ಆ ಹಿಡಿತ ಬೈಕ್‌ನಷ್ಟು ಇರುವುದಿಲ್ಲ, ಆದರೂ ಇದೆ. ತಿರುವಿಗೆ ಮೊದಲು ನೇರ ರಸ್ತೆಯಲ್ಲೇ ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ವೇಗ ಇಳಿಸಿ, ಬಿಟ್ಟುಬಿಡಿ. ತಿರುವಿನ ಒಳಗೆ ಹಿಡಿಯಬೇಡಿ. ಅರ್ಧದಲ್ಲಿ ಒಂದು ಸಲ ನಿಲ್ಲಿಸಿ, ಮಗಳಿಗೆ ಕೆಳಗಿನ ದ್ರಾಕ್ಷಿ ತೋಟ ತೋರಿಸಿ. ಅಷ್ಟರಲ್ಲಿ ಡ್ರಮ್ ಆರುತ್ತದೆ.

ಭಾನುವಾರ ಬೆಳಿಗ್ಗೆ ಮಾತ್ರ ಬರಬೇಡಿ. ಬೆಂಗಳೂರಿನ ಗಾಡಿಗಳೇ ತುಂಬಿರುತ್ತವೆ. ನಿಂತು ನಿಂತು ಇಳಿಯಬೇಕು, ಬ್ರೇಕ್‌ಗೆ ಅದೇ ಜಾಸ್ತಿ ಕೆಲಸ.

ತಿಪಟೂರು ತೆಂಗು

ಹಿಡಿದು ಬಿಡುವುದಕ್ಕಿಂತ ಮೆಲ್ಲಗೆ ಹಿಡಿದುಕೊಂಡೇ ಇಳಿದರೆ ವೇಗ ಒಂದೇ ಸಮ ಇರುತ್ತದೆ. ನನಗೆ ಅದೇ ಸರಿ ಅನ್ನಿಸುತ್ತದೆ.

ಗೌರಿಬಿದನೂರು ಗ್ಯಾರೇಜ್

ವೇಗ ಒಂದೇ ಸಮ ಇರುತ್ತದೆ, ಬಿಸಿ ಮಾತ್ರ ಏರುತ್ತಲೇ ಹೋಗುತ್ತದೆ ಸರ್. ಬಿಟ್ಟಾಗ ತಾನೇ ಪ್ಲೇಟ್‌ಗೆ ಗಾಳಿ ತಾಗುವುದು? ಗಟ್ಟಿಯಾಗಿ ಹಿಡಿಯಿರಿ, ಪೂರ್ತಿ ಬಿಡಿ. ಯಾವ ಗೇರ್‌ನಲ್ಲಿ ಹತ್ತಿದಿರೋ ಅದೇ ಗೇರ್‌ನಲ್ಲಿ ಇಳಿಯಿರಿ. ಲಾರಿ ಡ್ರೈವರ್‌ಗಳು ಇದನ್ನೇ ಮಾಡುತ್ತಾರೆ.

ಚಿಂತಾಮಣಿ ಟೀಚರ್

ನಂದಿ ತಪ್ಪಲು ಸರ್, ತುಂಬಾ ಥ್ಯಾಂಕ್ಸ್. ಆ ಒಂದು ಚೂರು ಆಕ್ಸಿಲರೇಟರ್ ವಿಷಯ ಯಾರೂ ಹೇಳಿರಲಿಲ್ಲ. ನಿನ್ನೆ ಕೈವಾರದ ಕಡೆ ಒಂದು ಸಣ್ಣ ಇಳಿಜಾರಿನಲ್ಲಿ ಮಾಡಿ ನೋಡಿದೆ, ನೀವು ಹೇಳಿದ ಹಾಗೇ ಎಳೆದುಕೊಂಡಿತು. ಮಗಳಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ತಂದೆ.

ಆದರೆ ಬೆಟ್ಟಕ್ಕಿಂತ ನನಗೆ ದಿನಾ ಭಯ ಆಗುವುದು ಬೇರೆ. ಶಾಲೆಗೆ ಹೋಗುವ ದಾರಿಯಲ್ಲಿ ರಸ್ತೆ ತುಂಬಾ ರಾಗಿ, ಹುರುಳಿ ಹಾಸಿರುತ್ತಾರೆ. ಒಕ್ಕಣೆ. ಅದರ ಮೇಲೆ ಬ್ರೇಕ್ ಹಿಡಿದರೆ ಮುಗಿಯಿತು.

ಶಿರಾ ಗೇಟ್

ಟೀಚರ್ ಹೇಳಿದ್ದು ನೂರಕ್ಕೆ ನೂರು ಸತ್ಯ. ಹೋದ ಜನವರಿಯಲ್ಲಿ ಮಧುಗಿರಿ ಕಡೆಯಿಂದ ಬರುವಾಗ ಸಂಜೆ ಹೊತ್ತು. ಹುರುಳಿ ಬಳ್ಳಿ ಮೊಣಕಾಲುದ್ದ ಹಾಸಿದ್ದರು. ಪಕ್ಕಕ್ಕೆ ಹೋಗಲು ಜಾಗ ಇಲ್ಲ, ಅಂಚಿಗೆ ಕಲ್ಲು ಜೋಡಿಸಿದ್ದರು. ಮೇಲೆ ಹತ್ತಿಸಿದೆ. ನೂರು ಅಡಿ ಹೋಗುವಷ್ಟರಲ್ಲಿ ಹಿಂದಿನ ಚಕ್ರ ತಿರುಗಲಿಲ್ಲ. ಇಳಿದು ನೋಡಿದರೆ ಬಳ್ಳಿ ಚೈನ್‌ಗೆ, ಸ್ಪ್ರಾಕೆಟ್‌ಗೆ, ಹಬ್‌ಗೆ ಹಗ್ಗದ ಹಾಗೆ ಹೊಸೆದುಕೊಂಡಿದೆ. ಕೈಯಲ್ಲಿ ಎಳೆದರೆ ಬರಲಿಲ್ಲ, ಅಲ್ಲಿದ್ದ ಅಜ್ಜಿ ಕುಡುಗೋಲು ಕೊಟ್ಟರು, ಕೊಯ್ದು ತೆಗೆದೆ. ಮುಕ್ಕಾಲು ಗಂಟೆ. ಸೈಲೆನ್ಸರ್ ಕೆಳಗೆ ಸಿಕ್ಕಿದ್ದ ಒಣಹುಲ್ಲು ಕಂದು ಬಣ್ಣಕ್ಕೆ ತಿರುಗಿ ಹೊಗೆ ವಾಸನೆ ಬರುತ್ತಿತ್ತು. ಇನ್ನು ಸ್ವಲ್ಪ ದೂರ ಹೋಗಿದ್ದರೆ ಬೆಂಕಿ.

ಇದನ್ನು ನಿಲ್ಲಿಸಲೇಬೇಕು. ರಸ್ತೆ ಇರುವುದು ಓಡಾಡುವುದಕ್ಕೆ.

ಪಾವಗಡ ಹೊಲ

ನಾನು ರೈತ. ನನ್ನ ಹತ್ತಿರವೂ ಬೈಕ್ ಇದೆ, ಆದ್ದರಿಂದ ಎರಡೂ ಕಡೆಯಿಂದ ಹೇಳುತ್ತೇನೆ.

ಅಪ್ಪನ ಕಾಲದಲ್ಲಿ ನಮ್ಮೂರಲ್ಲಿ ಎಲ್ಲರಿಗೂ ಸೇರಿ ಕಣ ಇತ್ತು. ಸಗಣಿ ಸಾರಿಸಿ, ಎತ್ತು ಕಟ್ಟಿ, ರೋಣಗಲ್ಲು ಎಳೆಸುತ್ತಿದ್ದರು. ಈಗ ಆ ಜಾಗದಲ್ಲಿ ಮನೆಗಳಾಗಿವೆ. ಎತ್ತು ಇಲ್ಲ. ಯಂತ್ರ ತರಿಸಿದರೆ ಗಂಟೆ ಲೆಕ್ಕದಲ್ಲಿ ಬಾಡಿಗೆ, ಅರ್ಧ ಎಕರೆ ಹುರುಳಿ ಇಟ್ಟವನಿಗೆ ಅದು ಗಿಟ್ಟುವುದಿಲ್ಲ. ಮೋಡ ಕಂಡರೆ ಜೀವ ಬಾಯಿಗೆ ಬರುತ್ತದೆ. ರಸ್ತೆ ಕಂಡರೆ ಹಾಸುತ್ತೇವೆ. ಯಾರನ್ನೋ ಬೀಳಿಸಲು ಅಂತ ಯಾವ ರೈತನೂ ಹಾಸುವುದಿಲ್ಲ.

ಶಿರಾ ಗೇಟ್

ಕಷ್ಟ ಗೊತ್ತಿದೆ ಅಣ್ಣ. ನಮ್ಮ ಮನೆಯೂ ಬೇಸಾಯದ್ದೇ. ಆದರೆ ಬಿದ್ದವನ ಕಾಲು ಮುರಿದರೆ ಅವನ ಮನೆ ನಡೆಯುವುದು ಹೇಗೆ? ಅಂಚಿಗೆ ಕಲ್ಲು ಇಡುವುದಂತೂ ದೊಡ್ಡ ತಪ್ಪು. ರಾತ್ರಿ ಕಾಣುವುದೇ ಇಲ್ಲ.

ಪಾವಗಡ ಹೊಲ

ಕಲ್ಲು ಇಡುವುದು ತಪ್ಪು, ಒಪ್ಪುತ್ತೇನೆ. ನಾವು ಈ ವರ್ಷ ಅರ್ಧ ರಸ್ತೆ ಬಿಟ್ಟು ಹಾಸಿದೆವು, ಕತ್ತಲಾಗುವ ಮೊದಲು ಗುಡಿಸಿ ಟಾರ್ಪಾಲು ಹೊದಿಸಿ ಪಕ್ಕಕ್ಕೆ ಸರಿಸಿದೆವು. ಪಂಚಾಯಿತಿಯವರು ಊರಿಗೊಂದು ಸಿಮೆಂಟ್ ಕಣ ಮಾಡಿಸಿದರೆ ಯಾರೂ ರಸ್ತೆಗೆ ಬರುವುದಿಲ್ಲ. ಕೆಲವು ಊರಲ್ಲಿ ಮಾಡಿಸಿದ್ದಾರೆ, ನಮ್ಮ ಕಡೆ ಇನ್ನೂ ಇಲ್ಲ. ನಿಮ್ಮಂಥವರೂ ಸೇರಿ ಗ್ರಾಮಸಭೆಯಲ್ಲಿ ಕೇಳಿದರೆ ಬಲ ಬರುತ್ತದೆ.

ಶಿರಾ ಗೇಟ್

ಕೇಳೋಣ. ಇದು ನ್ಯಾಯವಾದ ಮಾತು. ನಮ್ಮೂರ ಸಭೆಗೆ ನಾನು ಹೋಗುತ್ತೇನೆ.

ಕೆಜಿಎಫ್ ಐದು ಲೈಟ್ಸ್

ನಮ್ಮ ಕಡೆ ರಾಗಿಗಿಂತ ಟೊಮೆಟೊ. ಕೋಲಾರ ಎಪಿಎಂಸಿಗೆ ಹೋಗುವ ಗಾಡಿಯಿಂದ ಕ್ರೇಟ್ ಬಿದ್ದರೆ ರಸ್ತೆ ಸೋಪು ಹಾಕಿದ ಹಾಗೆ. ಶ್ರೀನಿವಾಸಪುರದ ಕಡೆ ಮಾವಿನ ಸೀಸನ್‌ನಲ್ಲಿ ಹಣ್ಣು.

ನಂದಿ ತಪ್ಪಲು

ಇಲ್ಲಿ ಜಲ್ಲಿ. ಕ್ರಷರ್‌ಗಳಿಂದ ಬರುವ ಟಿಪ್ಪರ್‌ನಿಂದ ಉದುರಿ ತಿರುವಿನಲ್ಲೇ ಬಿದ್ದಿರುತ್ತದೆ. ಇಂಥ ಜಾಗದಲ್ಲಿ ಎಲ್ಲರಿಗೂ ಒಂದೇ ಮಾತು. ಮೇಲೆ ಹತ್ತುವ ಮೊದಲೇ ನಿಧಾನ ಮಾಡಿ, ಹತ್ತಿದ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ.

ಮುಳಬಾಗಿಲು ಮೈಲೇಜ್

ಮಧ್ಯೆ ಇನ್ನೊಂದು ಪ್ರಶ್ನೆ. ಈಗ ಬರುವ ಶೇ 20 ಎಥನಾಲ್ ಪೆಟ್ರೋಲ್‌ನಿಂದ ಮೈಲೇಜ್ ಇಳಿದಿದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?

ಶಿರಾ ಗೇಟ್

ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಆದ್ದರಿಂದ ಸ್ವಲ್ಪ ಇಳಿಯಲೇಬೇಕು. ಅದಕ್ಕಿಂತ ಮುಖ್ಯ, ಎಥನಾಲ್ ಕೂಡ ಬ್ರೇಕ್ ಆಯಿಲ್ ಹಾಗೆ ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕ್‌ನಲ್ಲಿ ನೀರು ಬೇರೆಯಾಗಿ ತಳಕ್ಕೆ ಇಳಿಯಬಹುದು. ಆರ್‌ಎಕ್ಸ್ ಅಣ್ಣ, ನಿಮ್ಮ ಹಳೇ ಗಾಡಿಯ ಪೆಟ್ರೋಲ್ ಪೈಪ್ ವರ್ಷಕ್ಕೊಂದು ಸಲ ನೋಡಿ.

ಕೋಲಾರ ಎರಡು ಸ್ಟ್ರೋಕ್

ನೋಡಿದೆ. ಪೈಪ್ ಬೆರಳಲ್ಲಿ ಬಗ್ಗಿಸಿದರೆ ಬಿರುಕು ಕಾಣುತ್ತಿತ್ತು. ಬದಲಾಯಿಸಿದೆ.

ಕ್ಯಾತ್ಸಂದ್ರ ಸವಾರ

ನಾನು ಮತ್ತೆ ಬಂದೆ. ಬ್ರೇಕ್ ಆಯಿಲ್ ನಾನೇ ಬದಲಾಯಿಸಬಹುದಾ? ಎರಡು ಕಡೆ ಕೇಳಿದೆ, ಒಬ್ಬರು ಡಬ್ಬಿಯಲ್ಲಿರುವುದನ್ನು ಸಿರಿಂಜ್‌ನಲ್ಲಿ ತೆಗೆದು ಹೊಸದು ತುಂಬಿದರೆ ಸಾಕು ಅಂದರು.

ಗೌರಿಬಿದನೂರು ಗ್ಯಾರೇಜ್

ಸಾಕಾಗುವುದಿಲ್ಲ. ಕುದಿಯುವುದು ಕೆಳಗೆ ಕ್ಯಾಲಿಪರ್‌ನಲ್ಲಿರುವ ಆಯಿಲ್. ಅದು ಹೊರಗೆ ಬರಬೇಕು.

ಎಬಿಎಸ್ ಇಲ್ಲದ ಗಾಡಿ, ಆದ್ದರಿಂದ ಮನೆಯಲ್ಲೇ ಆಗುತ್ತದೆ. ಆದರೆ ಮೊದಲ ಸಲ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಇದು ಬ್ರೇಕ್ ಕೆಲಸ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ 4 ಅಂತ ಬರೆದಿರುತ್ತದೆ, ಅದೇ ತನ್ನಿ. ಡಾಟ್ 5 ಬೇಡ, ಅದು ಸಿಲಿಕೋನ್, ಇದರ ಜೊತೆ ಸೇರುವುದಿಲ್ಲ. ಸೀಲ್ ಒಡೆಯದ ಬಾಟಲಿಯೇ ಆಗಬೇಕು. ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹೊದಿಸಿ. ಕ್ಯಾಲಿಪರ್ ಮೇಲೆ ಆಯಿಲ್ ಹೊರಬಿಡಲು ಇರುವ ಸಣ್ಣ ನಿಪ್ಪಲ್‌ಗೆ ಒಂದು ತೆಳು ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಗೆ. ಹಳೇ ಆಯಿಲ್ ಡಬ್ಬಿಯಿಂದ ತೆಗೆದು, ಹೊಸದು ತುಂಬಿ. ಲಿವರ್ ಮೂರು ನಾಲ್ಕು ಸಲ ನಿಧಾನವಾಗಿ ಒತ್ತಿ, ಒತ್ತಿ ಹಿಡಿದುಕೊಳ್ಳಿ. ಸ್ಪ್ಯಾನರ್‌ನಲ್ಲಿ ನಿಪ್ಪಲ್ ಕಾಲು ಸುತ್ತು ಬಿಡಿಸಿ. ಆಯಿಲ್ ಬರುತ್ತದೆ, ಲಿವರ್ ಒಳಗೆ ಹೋಗುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಲಿವರ್ ಬಿಡಬೇಕು. ಮೊದಲು ಬಿಟ್ಟರೆ ಗಾಳಿ ಎಳೆದುಕೊಳ್ಳುತ್ತದೆ. ಹೀಗೇ ಮಾಡುತ್ತಾ ಹೋಗಿ. ಮೇಲಿನ ಡಬ್ಬಿ ಖಾಲಿಯಾಗಲು ಮಾತ್ರ ಬಿಡಬೇಡಿ. ಪೈಪ್‌ನಲ್ಲಿ ಹೊಸ ಬಣ್ಣ ಬಂದು, ಗುಳ್ಳೆ ನಿಂತ ಮೇಲೆ ಮುಗಿಯಿತು. ಮುಗಿದ ಮೇಲೆ ಕ್ಯಾಲಿಪರ್ ನೀರಿನಲ್ಲಿ ತೊಳೆದು, ಪ್ಯಾಡ್‌ಗೆ ಒಂದು ಹನಿಯೂ ತಾಗಿಲ್ಲ ಅಂತ ನೋಡಿಕೊಳ್ಳಿ. ಮೊದಲ ಓಟ ಮನೆ ಮುಂದೆ, ನಡೆಯುವ ವೇಗದಲ್ಲಿ.

ಮುಂದೆ ಎರಡು ವರ್ಷಕ್ಕೊಂದು ಸಲ. ಓಡಿದರೂ ಓಡದಿದ್ದರೂ.

ತಿಪಟೂರು ತೆಂಗು

ಎಬಿಎಸ್ ಇರುವವರು?

ಗೌರಿಬಿದನೂರು ಗ್ಯಾರೇಜ್

ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ ಸರ್. ಯೂನಿಟ್ ಒಳಗೆ ಗಾಳಿ ಸಿಕ್ಕಿಕೊಂಡರೆ ಮನೆಯಲ್ಲಿ ತೆಗೆಯುವುದು ಕಷ್ಟ.

ಕ್ಯಾತ್ಸಂದ್ರ ಸವಾರ

ಮಾಡಿದೆ. ಭಾವಮೈದ ಐಟಿಐ ಓದಿದವನು, ಅವನು ಲಿವರ್ ಹಿಡಿದ, ನಾನು ನಿಪ್ಪಲ್ ಹತ್ತಿರ ಕೂತೆ. ಮೊದಲು ಬಂದ ಆಯಿಲ್ ಬಣ್ಣ ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕಾಫಿ ಡಿಕಾಕ್ಷನ್. ತಳದಲ್ಲಿ ಕರಿ ಮಡ್ಡಿ ಬೇರೆ. ಹೊಸದು ತೆಳು ಜೇನುತುಪ್ಪದ ಬಣ್ಣ. ಸುಮಾರು ಹದಿನೈದು ಸಲ ಒತ್ತಿದ ಮೇಲೆ ಪೈಪ್‌ನಲ್ಲಿ ಆ ಕಪ್ಪು ಹಿಂದೆ ಸರಿದು ಹೊಸ ಬಣ್ಣ ಬಂತು. ಎರಡು ದೊಡ್ಡ ಗುಳ್ಳೆಯೂ ಬಂದವು.

ಭಾನುವಾರ ಬೆಳಿಗ್ಗೆ ಆರೂವರೆಗೆ ಒಬ್ಬನೇ ದುರ್ಗಕ್ಕೆ ಹೋದೆ. ಹತ್ತುವಾಗ ಎರಡನೇ ಗೇರ್ ಬೇಕಾಯಿತು, ಇಳಿಯುವಾಗಲೂ ಎರಡೇ. ಇಡೀ ಇಳಿಜಾರಿನಲ್ಲಿ ಬ್ರೇಕ್ ಹಿಡಿದದ್ದು ತಿರುವಿಗೆ ಮೊದಲು ಮಾತ್ರ. ಕೆಳಗೆ ಬಂದು ಲಿವರ್ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ. ಆ ದಿನ ನಿಲ್ಲಿಸಿದ್ದ ಮಣ್ಣಿನ ಜಾಗದಲ್ಲಿ ಒಂದು ನಿಮಿಷ ನಿಂತು ಬಂದೆ.

ಮಾಸ್ಟರ್ ಸಿಲಿಂಡರ್‌ಗೆ ಎರಡು ಸಾವಿರ ಕೊಡುವವನಿದ್ದೆ. ಗ್ಯಾರೇಜ್ ಅಣ್ಣ, ನಿಮ್ಮ ಉಪಕಾರ ಮರೆಯುವುದಿಲ್ಲ.

ಗೌರಿಬಿದನೂರು ಗ್ಯಾರೇಜ್

ಸಂತೋಷ ಸರ್. ಮನೆಯವರನ್ನು ಒಂದು ಸಲ ಕೂರಿಸಿಕೊಂಡು ಹೋಗಿ ಬನ್ನಿ, ಅವರ ಭಯವೂ ಹೋಗಬೇಕು. ಭಾರ ಜಾಸ್ತಿ ಇದ್ದಾಗ ಹಿಂದಿನ ಟಯರ್‌ಗೆ ಗಾಳಿ ಎಷ್ಟು ಅಂತ ಚೈನ್ ಕವರ್ ಹತ್ತಿರ ಸ್ಟಿಕರ್ ಇರುತ್ತದೆ, ಟಯರ್ ತಣ್ಣಗಿದ್ದಾಗ ಹಾಕಿಸಿ.

ಮುಳಬಾಗಿಲು ಮೈಲೇಜ್

ಒಂದು ಟ್ಯಾಂಕ್ ಗೇರ್‌ನಲ್ಲೇ ಇಳಿಸಿದೆ. ಮೈಲೇಜ್ ಇಳಿದಿಲ್ಲ. ಇನ್ನು ನ್ಯೂಟ್ರಲ್ ಇಲ್ಲ.

ಚಿಂತಾಮಣಿ ಟೀಚರ್

ನಾವೂ ನಂದಿಗೆ ಹೋಗಿ ಬಂದೆವು, ಬುಧವಾರ ರಜೆ ಇತ್ತು. ಅರ್ಧದಲ್ಲಿ ಎರಡು ಸಲ ನಿಲ್ಲಿಸಿದೆ. ಮಗಳು ಕೆಳಗಿನ ತೋಟ ಎಣಿಸುತ್ತಾ ಕೂತಳು.

ಕ್ಯಾತ್ಸಂದ್ರ ಸವಾರ

ಕೊನೆಯದಾಗಿ ಒಂದು ಪ್ರಶ್ನೆ. ಬಾಟಲಿಯಲ್ಲಿ ಅರ್ಧ ಆಯಿಲ್ ಉಳಿದಿದೆ. ಮುಂದಿನ ಸಲಕ್ಕೆ ಇಡಬಹುದಾ?

ಗೌರಿಬಿದನೂರು ಗ್ಯಾರೇಜ್

ಬೇಡ. ಸೀಲ್ ಒಡೆದ ದಿನದಿಂದ ಅದೂ ತೇವ ಕುಡಿಯಲು ಶುರು ಮಾಡಿದೆ. ಎರಡು ವರ್ಷ ಇಟ್ಟರೆ ಮತ್ತೆ ಅದೇ ಕಥೆ. ಈ ವಾರವೇ ಯಾರಿಗಾದರೂ ಕೊಟ್ಟುಬಿಡಿ.

ಕ್ಯಾತ್ಸಂದ್ರ ಸವಾರ

ಪಕ್ಕದ ಮನೆಯವರ ಗಾಡಿಗೆ ಇವತ್ತು ಸಂಜೆಯೇ ಹಾಕಿದೆವು. ಅವರದು ಹನ್ನೊಂದು ವರ್ಷದ್ದು. ನಮ್ಮದಕ್ಕಿಂತ ಕಪ್ಪಗಿತ್ತು.